ಹೋರೇಬಲ್ಲಿ ಎಲೀಯನಿಗೆ ಕೇಳಿಸಿದ್ದು ದನಿನಾ, ಮೌನನಾ? ಶನಿವಾರದೊಳಗೆ ಹೇಳಿ ಪ್ಲೀಸ್

ಶನಿವಾರದ_ಪಾಠ
ಎಲ್ಲರಿಗೂ ನಮಸ್ಕಾರ. ನಮ್ಮ ಸಭೇಲಿ ಪಿಯುಸಿ, ಡಿಗ್ರಿ ಹುಡುಗ್ರಿಗೆ ತಿಂಗಳಿಗೊಂದು ಶನಿವಾರ ಸತ್ಯವೇದ ಪಾಠ ಮಾಡೋದು ನನ್ನ ಪಾಲಿಗೆ ಬಂದಿದೆ. ಈ ಸಲ ಬೈಬಲ್ಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯ. ಗೊತ್ತಿರೋ ಕಥೆನೇ ಅಂತ ಧೈರ್ಯವಾಗಿ ಒಪ್ಕೊಂಡೆ, ಈಗ ಕೂತು ಓದಿದ್ರೆ ತಲೆ ಕೆಡ್ತಾ ಇದೆ.

ಗೊತ್ತಿಲ್ಲದೋರಿಗೆ ಕಥೆ: ಕರ್ಮೆಲ್ ಬೆಟ್ಟದಲ್ಲಿ ಬಾಳ್ ದೇವರ 450 ಪ್ರವಾದಿಗಳ ಎದುರು ಒಬ್ಬನೇ ನಿಂತು ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ ಎಲೀಯ, ಇಸ್ರೇಲಿನ ರಾಜ ಅಹಾಬನ ಹೆಂಡತಿ ಈಜೆಬೆಲ್ ರಾಣಿ ನಾಳೆ ಇಷ್ಟೊತ್ತಿಗೆ ನಿನ್ನ ಕಥೆ ಮುಗಿಸ್ತೀನಿ ಅಂತ ಹೇಳಿ ಕಳಿಸಿದ್ದೇ ತಡ ಬೇರ್ಷೆಬದವರೆಗೂ ಓಡ್ತಾನೆ. ಜೊತೇಲಿದ್ದ ಆಳನ್ನ ಅಲ್ಲೇ ಬಿಟ್ಟು ಮರುಭೂಮಿಯೊಳಗೆ ಒಂದು ದಿನ ನಡೆದು ಒಂದು ಪೊದೆ ಕೆಳಗೆ ಕೂತು ಸಾಕಪ್ಪಾ, ನನ್ನ ಪ್ರಾಣ ತಗೋ ಅಂತಾನೆ. ದೂತ ಮುಟ್ಟಿ ಎಬ್ಬಿಸ್ತಾನೆ, ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗ್ತಾನೆ, ಮತ್ತೆ ಎಬ್ಬಿಸ್ತಾನೆ. ಆಮೇಲೆ 40 ಹಗಲು 40 ರಾತ್ರಿ ನಡೆದು ಹೋರೇಬ್ ಬೆಟ್ಟದ ಗವಿ. ಬೆಟ್ಟ ಸೀಳೋ ಗಾಳಿ ಬರುತ್ತೆ, ದೇವರು ಅದರಲ್ಲಿಲ್ಲ. ಭೂಕಂಪ, ಅದರಲ್ಲೂ ಇಲ್ಲ. ಬೆಂಕಿ, ಅದರಲ್ಲೂ ಇಲ್ಲ. ಬೆಂಕಿ ಆದ್ಮೇಲೆ ಒಂದು ಸಣ್ಣ ದನಿ.

ಚಿಕ್ಕಂದಿನಿಂದ ನಾನು ಕೇಳಿರೋ ಪ್ರಸಂಗ ಎಲ್ಲಾ ಒಂದೇ. ದೇವರು ಮೆಲ್ಲಗೆ ಮಾತಾಡ್ತಾನೆ, ಟಿವಿ ಮೊಬೈಲ್ ಆಫ್ ಮಾಡಿ ಪ್ರಾರ್ಥನೆ ಮಾಡಿ. ಸರಿ. ಆದ್ರೆ ನನಗೆ ಎರಡು ಡೌಟು. ಇಂಗ್ಲಿಷಿನ ಹಳೇ ಬೈಬಲ್ಲಲ್ಲಿ ಅದು ಸಣ್ಣ ದನಿ, 1989ರ ಒಂದು ಅನುವಾದದಲ್ಲಿ ನೋಡಿದ್ರೆ ಅಪ್ಪಟ ಮೌನದ ಸದ್ದು ಅಂತ ಇದೆ, ಎರಡರಲ್ಲಿ ಯಾವುದು ಸರಿ? ಇನ್ನೊಂದು, ಗಾಳಿಗೆ ಮುಂಚೆ ದೇವರು 'ಎಲೀಯನೇ, ಇಲ್ಲೇನು ಮಾಡ್ತಿದ್ದೀ' ಅಂತ ಕೇಳ್ತಾನೆ, ಇವನು ಒಂದು ಉತ್ತರ ಕೊಡ್ತಾನೆ. ಇಷ್ಟೆಲ್ಲಾ ಆದ್ಮೇಲೆ ಮತ್ತೆ ಅದೇ ಪ್ರಶ್ನೆ. ಮತ್ತೆ ಅದೇ ಉತ್ತರ, ಅಕ್ಷರ ಕೂಡ ಬದಲಾಗಿಲ್ಲ! ಹಾಗಾದ್ರೆ ಇವನಿಗೆ ಏನು ಕೇಳಿಸ್ತು?

ಕರಾವಳಿ_ಬೊಂಡ
ಪ್ರಸಂಗ ಮಾಡುವವರು 12ನೇ ವಚನಕ್ಕೆ ಬ್ರೇಕ್ ಹಾಕ್ತಾರೆ ಮಾರಾಯ್ರೆ, 13ರಿಂದ ಮುಂದೆ ಓದಿದ್ರೆ ಅಲ್ವಾ ಪಂಚಾಯ್ತಿಗೆ ಶುರುವಾಗುದು.

ಎಲೆಮರೆ_ಮೇಷ್ಟ್ರು
ಬೇಸತ್ತ ಮನುಷ್ಯ ಹೇಳಿದ್ದನ್ನೇ ಹೇಳ್ತಾನೆ, ಅದರಲ್ಲೇನು ಆಶ್ಚರ್ಯ. ನಮ್ಮನೇಲಿ ತಾತನಿಗೆ ಯಾರೇ ಬಂದು ಹೇಗಿದೀರಿ ಅಂದ್ರೂ ಅದೇ ಮೂರು ವಾಕ್ಯ.

ಅಕ್ಷರ_ಹುಳ
ಮೊದಲನೇ ಡೌಟಿಗೆ ನಾನು ಉತ್ತರ ಕೊಡ್ತೀನಿ, ಉದ್ದ ಆಗುತ್ತೆ ಬೈಕೋಬೇಡಿ. ಹೀಬ್ರೂದಲ್ಲಿ ಮೂರೇ ಪದ: ಕೋಲ್ ದೆಮಾಮಾ ದಕ್ಕಾ. 'ಕೋಲ್' ಅಂದ್ರೆ ದನಿನೂ ಹೌದು, ಬರೀ ಸದ್ದೂ ಹೌದು, ಗುಡುಗಿಗೂ ಅದೇ ಪದ. 'ದೆಮಾಮಾ' ಇಡೀ ಹೀಬ್ರೂ ಬೈಬಲ್ಲಲ್ಲಿ ಮೂರೇ ಕಡೆ ಬರೋದು. ಒಂದು ಇಲ್ಲಿ. ಇನ್ನೊಂದು 107ನೇ ಕೀರ್ತನೆ, ಸಮುದ್ರದ ಬಿರುಗಾಳಿ ತಣ್ಣಗಾಗೋ ಜಾಗ. ಮೂರನೇದು ಯೋಬ 4ರಲ್ಲಿ, ರಾತ್ರಿ ಯೋಬನ ಸ್ನೇಹಿತ ಎಲೀಫಜನ ಕಣ್ಣೆದುರು ಏನೋ ಒಂದು ಆಕಾರ ಬಂದು ನಿಲ್ಲುತ್ತೆ, ಮೈ ಕೂದಲು ನಿಮಿರುತ್ತೆ, ಆಮೇಲೆ 'ದೆಮಾಮಾ ಮತ್ತು ಕೋಲ್' ಕೇಳಿಸ್ತು ಅಂತಾನೆ. ಅಂದ್ರೆ ನಿಶ್ಶಬ್ದ, ಸ್ತಬ್ಧ ಅನ್ನೋ ಕಡೆಗೆ ವಾಲೋ ಪದ.

'ದಕ್ಕಾ' ನನಗೆ ಇಷ್ಟವಾದ ಪದ. ತೆಳು, ನುಣುಪು, ಪುಡಿ ಮಾಡಿದ್ದು. ಫರೋಹನ ಕನಸಲ್ಲಿ ಬರೋ ಬಡಕಲು ಹಸುಗಳಿಗೂ ಇದೇ ಪದ, ಮರುಭೂಮೀಲಿ ದೇವರು ಜನಕ್ಕೆ ಕೊಟ್ಟ ಆಹಾರ, ಬೆಳಗ್ಗೆ ನೆಲದ ಮೇಲೆ ಬಿದ್ದಿರೋ ಮನ್ನಕ್ಕೂ ಇದೇ, ದೇವಾಲಯದಲ್ಲಿ ಹಾಕೋ ಸಣ್ಣಗೆ ಕುಟ್ಟಿದ ಧೂಪಕ್ಕೂ ಇದೇ. ಕಿವಿಗೆ ಕೇಳೋದಕ್ಕಿಂತ ಬೆರಳಲ್ಲಿ ಮುಟ್ಟಿ ನೋಡೋ ಪದ ಅದು. ಒಂದಕ್ಕೊಂದು ಹೊಂದೋದೇ ಇಲ್ಲ ನೋಡಿ, ಮೌನಕ್ಕೆ ಸದ್ದು ಅಂಟಿಸಿ, ಅದನ್ನ ವಸ್ತ್ರಗಾಳಿತ ಹಿಟ್ಟಿನ ಥರ ನುಣ್ಣಗೆ ಮಾಡಿದಾರೆ. ಗ್ರೀಕ್‌ಗೆ ತಂದವರು ಹೆದರಿ 'ತೆಳು ಗಾಳಿಯ ದನಿ' ಅಂತ ಮಾಡಿದ್ರು, ಲ್ಯಾಟಿನ್‌ನವರು ಅದನ್ನ ಮೆಲುಗಾಳಿಯ ಪಿಸುಗುಡೋ ಸದ್ದು ಮಾಡಿದ್ರು, 1611ರ ಇಂಗ್ಲಿಷಿನವರು ಸಣ್ಣ ದನಿ ಮಾಡಿದ್ರು. ನಮ್ಮ ಪ್ರಸಂಗಗಳು ನಿಂತಿರೋದು 1611ರ ಮೇಲೆ.

ಜವಾರಿ_ಜ್ವಾಳ
ಅಕ್ಷರ ಹುಳ ಅವ್ರ, ಮೌನಕ್ಕ ಸಪ್ಪಳ ಇರತೈತಿ ರೀ, ಅದರಾಗ ಏನೂ ತ್ರಾಸ ಇಲ್ಲ. ನಾ ಸಣ್ಣಾಂವ ಇದ್ದಾಗ ನಮ್ಮ ಮನಿ ಬಾಜೂಕ ಹಿಟ್ಟಿನ ಗಿರಣಿ ಇತ್ತು. ಮುಂಜಾನಿಂದ ಸಂಜೀತನ ಪಟ್ಟಿ ತಿರಗೂ ಸಪ್ಪಳ, ನಮಗ ಕೇಳಸ್ತಿದ್ದಿಲ್ಲ ಅದು, ರೂಢಿ ಆಗಿಬಿಟ್ಟಿತ್ತು. ಕರೆಂಟ್ ಹೋತಂದ್ರ ಗಪ್ ಅಂತ ನಿಲ್ತಿತ್ತಲ್ಲ, ಆವಾಗ ನಮ್ಮವ್ವ ಒಲಿ ಮುಂದ ಕುಂತಾಕಿ ಕೈಯಾಗಿನ ರೊಟ್ಟಿ ಬಡಿಯೂದು ಬಿಟ್ಟು ತಲಿ ಎತ್ತತಿದ್ಲು. ಮಲಗಿದ್ದ ನಾಯಿ ಕಿವಿ ನೆಟ್ಟಗ ಮಾಡತಿತ್ತು. ಅದ ರೀ ದೆಮಾಮಾ. ಎಲೀಯನೂ ಆ ಸಪ್ಪಳಕ್ಕ ಕಂಬಳಿ ಮಾರಿ ಮ್ಯಾಲೆ ಎಳಕೊಂಡು ಗವಿ ಬಾಗಲಕ್ಕ ಬಂದ. ಗಾಳಿ ಬೆಂಕಿಗೆ ಬರಲಿಲ್ಲ ಅಂವ, ನಿಂತಾಗ ಬಂದ.

ಶನಿವಾರದ_ಪಾಠ
ಜವಾರಿ ಅಣ್ಣ, ಗಿರಣಿ ಕಥೆ ನಾನು ಕದೀತೀನಿ, ಮೊದಲೇ ಹೇಳಿದೀನಿ.

ತರ್ಕ_ತಮ್ಮಯ್ಯ
ನಾನು ದೇವರನ್ನ ನಂಬಲ್ಲ, ಆದ್ರೂ ಈ ಅಧ್ಯಾಯ ನನಗಿಷ್ಟ. ಯಾರೂ ಹೇಳದೇ ಇರೋ ಒಂದು ವಿಷಯ, ಬಾಳ್ ಅಂದ್ರೆ ಗುಡುಗು ಮಳೆಯ ದೇವರು. ಸಿರಿಯಾದ ರಾಸ್ ಶಮ್ರಾದಲ್ಲಿ 1929ರಿಂದ ಅಗೆದಾಗ ಸಿಕ್ಕ ಉಗಾರಿಟ್ ಮಣ್ಣಿನ ಹಲಗೆಗಳಲ್ಲಿ ಅವನನ್ನ ಮೋಡದ ಮೇಲೆ ಸವಾರಿ ಮಾಡೋನು ಅಂತ ಕರೆದಿದಾರೆ, ಅವನು ಬಾಯಿ ತೆಗೆದ್ರೆ ಭೂಮಿ ನಡುಗುತ್ತೆ. ಅಂಥ ದೇವರ ಪೂಜಾರಿಗಳ ಜೊತೆ ಜಗಳ ಆಡಿ ಬಂದವನ ಕಥೇಲಿ ಗಾಳೀಲಿಲ್ಲ, ಬೆಂಕೀಲಿಲ್ಲ ಅಂತ ಬರೆದ್ರೆ ಅದು ನೇರ ಟಾಂಗ್ ಅಷ್ಟೇ. ನಮ್ಮ ದೇವರು ನಿಮ್ಮ ದೇವರ ಥರ ಗದ್ದಲ ಮಾಡಲ್ಲ ಅಂತ. ಇದರಲ್ಲಿ ಧ್ಯಾನ ಗೀನ ಏನಿಲ್ಲ, ರಾಜಕೀಯ ಇದೆ.

ಅಕ್ಷರ_ಹುಳ
ತಮ್ಮಯ್ಯ ಅವರೇ ಅರ್ಧ ಒಪ್ತೀನಿ. ಆದ್ರೆ ಒಂದೇ ಅಧ್ಯಾಯ ಹಿಂದೆ ಕರ್ಮೆಲಲ್ಲಿ ಬೆಂಕಿ ಇಳಿಸಿದ್ದು ಇದೇ ದೇವರು. ಇದೇ ಬೆಟ್ಟದಲ್ಲಿ ಮೋಶೆ ಕಾಲಕ್ಕೆ ಗುಡುಗು, ಮಿಂಚು, ಹೊಗೆ, ಕೊಂಬಿನ ಸದ್ದು ಎಲ್ಲಾ ಆಗಿದೆ, ಜನ 'ದನಿಗಳನ್ನ ನೋಡಿದ್ರು' ಅಂತ ವಿಮೋಚನಕಾಂಡ 20ರಲ್ಲಿದೆ, ಕೇಳಿದ್ರು ಅಲ್ಲ, ನೋಡಿದ್ರು! ಹಾಗಾಗಿ ಬಾಳ್‌ಗಿಂತ ಹೆಚ್ಚಾಗಿ ಇದು ಎಲೀಯನಿಗೇ ಕೊಟ್ಟ ಟಾಂಗ್ ಇರಬೇಕು. ಬೆಂಕಿ ಇಳಿಸಿದ್ಯಲ್ಲಪ್ಪಾ, ಏನಾಯ್ತು ಅದರಿಂದ? ಈಜೆಬೆಲ್ ಮನಸ್ಸು ತಿರುಗ್ತಾ?

ತರ್ಕ_ತಮ್ಮಯ್ಯ
ಇದು ಪರವಾಗಿಲ್ಲ, ತಗೊಂಡೆ.

ಹೊಸಬೆಳಕು
ಬ್ರದರ್ ಇದು ಸರಳವಾಗಿ ಡಿಪ್ರೆಶನ್ ಬಗ್ಗೆ ಇರೋ ಅಧ್ಯಾಯ. ಊಟ ಕೊಟ್ರು, ನಿದ್ದೆ ಮಾಡಿಸಿದ್ರು, ಆಮೇಲೆ ಕೌನ್ಸೆಲಿಂಗ್. ಹುಡುಗ್ರಿಗೆ ಇದನ್ನೇ ಹೇಳಿ, ತುಂಬಾ ಕನೆಕ್ಟ್ ಆಗ್ತಾರೆ.

ಕರಾವಳಿ_ಬೊಂಡ
ಕೌನ್ಸೆಲಿಂಗ್ ಆದ್ಮೇಲೆ ಸಿಕ್ಕಿದ ಪ್ರಿಸ್ಕ್ರಿಪ್ಷನ್ ಓದಿದ್ರಾ? ಹಜಾಯೇಲನನ್ನ ಅರಾಮಿಗೆ (ಸಿರಿಯಾ ಕಡೆಯ ರಾಜ್ಯ) ರಾಜ ಮಾಡು, ಯೇಹುವನ್ನ ಇಸ್ರೇಲಿಗೆ ರಾಜ ಮಾಡು, ಎಲೀಷನನ್ನ ನಿನ್ನ ಜಾಗಕ್ಕೆ ಪ್ರವಾದಿ ಮಾಡು. ಹಜಾಯೇಲನ ಕತ್ತಿಗೆ ತಪ್ಪಿಸಿಕೊಂಡವನನ್ನ ಯೇಹು ಕೊಲ್ತಾನೆ, ಯೇಹುವಿನ ಕತ್ತಿಗೆ ತಪ್ಪಿಸಿಕೊಂಡವನನ್ನ ಎಲೀಷ ಕೊಲ್ತಾನೆ. ಮೆಲುದನಿ ಅಂತೆ.

ಹೊಸಬೆಳಕು
ನೀವು ಎಲ್ಲದರಲ್ಲೂ ನೆಗೆಟಿವ್ ನೋಡ್ತೀರ.

ಕರಾವಳಿ_ಬೊಂಡ
ನಾನು 17ನೇ ವಚನ ನೋಡಿದ್ದು ಸಿಸ್ಟರ್, ಬೇರೆಂತ ಇಲ್ಲ.

ಫೈಲು_ಗುಮಾಸ್ತ
30 ವರ್ಷ ಸರ್ಕಾರಿ ಕೆಲಸ ಮಾಡಿ ರಿಟೈರ್ ಆದವನು ನಾನು, ನನಗೆ ಈ ಭಾಗ ಓದಿದ್ರೆ ಬೇರೇನೇ ಕಾಣುತ್ತೆ. ಇದು ಚಾರ್ಜ್ ಬಿಟ್ಟುಕೊಡೋ ಆರ್ಡರ್ ಕಣ್ರೀ. 'ಇಲ್ಲೇನು ಮಾಡ್ತಿದ್ದೀ' ಅನ್ನೋದು ಕುಶಲ ಪ್ರಶ್ನೆ ಅಲ್ಲ, ಕರ್ತವ್ಯದ ಜಾಗ ಬಿಟ್ಟು ಯಾಕೆ ಬಂದೆ ಅನ್ನೋ ಮೆಮೋ. ಅವನು ಕೊಟ್ಟ ವಿವರಣೆ ನೋಡಿ: ನಾನು ನಿನಗೋಸ್ಕರ ಎಷ್ಟು ದುಡಿದೆ, ಜನ ಒಡಂಬಡಿಕೆ ಬಿಟ್ರು, ಬಲಿಪೀಠ ಕೆಡವಿದ್ರು, ಪ್ರವಾದಿಗಳನ್ನ ಕೊಂದ್ರು, ನಾನೊಬ್ಬನೇ ಉಳಿದಿರೋದು. ಎರಡನೇ ಅವಕಾಶ ಕೊಟ್ಟು ಮತ್ತೆ ಕೇಳಿದ್ರೆ ಅದೇ ವಿವರಣೆಯ ಕಾರ್ಬನ್ ಕಾಪಿ. ಆಗ ಮೇಲಿನವರು ಏನು ಮಾಡ್ತಾರೆ? ಸರಿ ಸ್ವಾಮಿ, ನಿಮ್ಮ ಜಾಗಕ್ಕೆ ಶಾಫಾಟನ ಮಗ ಎಲೀಷನನ್ನ ಹಾಕಿದೀವಿ, ಹೋಗ್ತಾ ಅವರಿಗೆ ತಿಳಿಸಿಬಿಡಿ.

ಇನ್ನೊಂದು. 'ನಾನೊಬ್ಬನೇ' ಅನ್ನೋದು ಸುಳ್ಳು ವರದಿ. ಹಿಂದಿನ ಅಧ್ಯಾಯದಲ್ಲೇ ಅಹಾಬನ ಅರಮನೆ ಅಧಿಕಾರಿ ಓಬದ್ಯ ದಾರೀಲಿ ಸಿಕ್ಕಿ ಎಲೀಯನಿಗೇ ಹೇಳಿದಾನೆ, 100 ಜನ ಪ್ರವಾದಿಗಳನ್ನ ಐವತ್ತೈವತ್ತು ಮಾಡಿ ಗವಿಗಳಲ್ಲಿ ಬಚ್ಚಿಟ್ಟು ಅನ್ನ ನೀರು ಕೊಡ್ತಿದೀನಿ ಅಂತ. ಇವನಿಗೆ ಗೊತ್ತಿತ್ತು! ದೇವರು ಕೊನೇಲಿ ಬಾಳ್‌ಗೆ ಮಂಡಿ ಊರದೇ ಇರೋರು 7000 ಜನ ಇದಾರೆ ಅಂತ ಲೆಕ್ಕ ಸರಿ ಮಾಡ್ತಾನೆ.

ಅಕ್ಷರ_ಹುಳ
ಗುಮಾಸ್ತರೇ ವಾಹ್. ಅದಕ್ಕೆ ಸೇರಿಸ್ತೀನಿ, ಆ ಮೂರು ಕೆಲಸದಲ್ಲಿ ಎಲೀಯ ಸ್ವತಃ ಮಾಡಿದ್ದು ಒಂದೇ, 12 ಜೋಡಿ ಎತ್ತು ಹೂಡಿ ಉಳ್ತಿದ್ದ ಎಲೀಷನ ಮೇಲೆ ಕಂಬಳಿ ಹಾಕಿದ್ದು. ಹಜಾಯೇಲನಿಗೆ ನೀನು ರಾಜ ಆಗ್ತೀಯ ಅಂತ ದಮಸ್ಕದಲ್ಲಿ ಹೇಳಿದ್ದು ಎಲೀಷ. ಯೇಹುವಿನ ತಲೆ ಮೇಲೆ ಎಣ್ಣೆ ಸುರಿದಿದ್ದು ಎಲೀಷ ಕಳಿಸಿದ ಹುಡುಗ.

ಫೈಲು_ಗುಮಾಸ್ತ
ಪೆಂಡಿಂಗ್ ಫೈಲು ಬಿಟ್ಟು ಹೋದ ಅಂತಾಯ್ತು. ನಮ್ಮಲ್ಲೂ ಹೀಗೇ.

ಕಾರ್ಮೆಲ್_ಕಿಟಕಿ
ನಾನು ಮಂಗ್ಳೂರಿನವಳು, ಹೈಫಾದಲ್ಲಿ ಕೇರ್‌ಗಿವರ್ ಆಗಿ ಕೆಲ್ಸ ಮಾಡುದು, ಇಲ್ಲಿಗೆ ಬಂದು ಆರು ವರ್ಷ. ಊರಲ್ಲಿ ಕರ್ಮೆಲ್ ಅಂದ್ರೆ ಒಂದು ದೊಡ್ಡ ಒಂಟಿ ಬೆಟ್ಟ ಅಂತ ಗ್ರಹಿಸಿದ್ದೆ. ಅದು ಉದ್ದಕ್ಕೆ ಮಲಗಿದ ಗುಡ್ಡದ ಸಾಲು, ಊರೇ ಅದ್ರ ಮೇಲೆ ಹತ್ತಿಕೊಂಡು ಹೋಗಿದೆ, ನಾನು ದಿನಾ ಸಾಮಾನು ತರುದು ಕರ್ಮೆಲ್ ಇಳಿದು. ಕೆಳಗೆ ಸಮುದ್ರದ ಹತ್ರ ಎಲೀಯನ ಗವಿ ಅಂತ ಇದೆ, ಯೆಹೂದ್ಯರು ಬಂದು ಮೇಣದಬತ್ತಿ ಹಚ್ಚಿ ಪ್ರಾರ್ಥನೆ ಮಾಡ್ತಾರೆ. ದನಿ ಕೇಳಿದ ಗವಿ ಇದೇ ಇರ್ಬೇಕು ಅಲ್ವಾ?

ನಾನು ನೋಡಿಕೊಳ್ಳುವ ಅಜ್ಜ ಇದ್ದಾರೆ, ಅವರನ್ನು ಸಬಾ ಅಂತ ಕರೆಯುದು. ಶಬ್ಬಾತ್ ಮುಗಿಯುವ ಹೊತ್ತಿಗೆ ಎಲಿಯಾಹು ಅಂತ ಎಲೀಯನ ಹೆಸರು ಹಿಡಿದು ಹಾಡ್ತಾರೆ. ಪಸ್ಕ ಹಬ್ಬದ ರಾತ್ರಿ ಒಂದು ಲೋಟ ದ್ರಾಕ್ಷಾರಸ ಅವನಿಗೆ ಅಂತ ತುಂಬಿಸಿ ಇಡ್ತಾರೆ, ಮತ್ತೆ ಬಾಗಿಲು ತೆಗಿಲಿಕ್ಕೆ ನನಗೆ ಹೇಳ್ತಾರೆ. ಮೊದಲ ವರ್ಷ ನಾನು ಯಾರೋ ನೆಂಟರು ಬರ್ತಾರೆ ಅಂತ ಗ್ರಹಿಸಿ ಇನ್ನೊಂದು ಪ್ಲೇಟ್ ಇಟ್ಟಿದ್ದೆ.

ಅಕ್ಷರ_ಹುಳ
ಹಹ್ಹಾ ಆ ಪ್ಲೇಟು! ಅಕ್ಕಾ, ಹೈಫಾದ ಗವಿ ಕರ್ಮೆಲ್ ಕಥೆಗೆ ಸೇರಿದ್ದು. 19ನೇ ಅಧ್ಯಾಯದ್ದು ಹೋರೇಬ್, ಅಂದ್ರೆ ಸೀನಾಯಿ ಕಡೆ, ಬೇರ್ಷೆಬ ದಾಟಿ ಇನ್ನೂ ದಕ್ಷಿಣಕ್ಕೆ. 380ರ ದಶಕದಲ್ಲೇ ಎಗೇರಿಯಾ ಅನ್ನೋ ಯಾತ್ರಿಕಳಿಗೆ ಅಲ್ಲಿನ ಸನ್ಯಾಸಿಗಳು ಇದೇ ಎಲೀಯ ಅವಿತಿದ್ದ ಗವಿ ಅಂತ ತೋರಿಸಿದ್ರು, ಅವಳೇ ಬರೆದಿದಾಳೆ. ಹೀಬ್ರೂದಲ್ಲಿ ಅದು 'ಒಂದು ಗವಿ' ಅಲ್ಲ, 'ಆ ಗವಿ'. ಯಾವುದೋ ಗೊತ್ತಿರೋ ಗವಿ ಅನ್ನೋ ಥರ. ಮೋಶೆಯನ್ನ ದೇವರು ಬಂಡೆ ಸಂದಿಯಲ್ಲಿ ನಿಲ್ಲಿಸಿ ಕೈ ಅಡ್ಡ ಹಿಡಿದು ದಾಟಿ ಹೋದನಲ್ಲ, ಅದೇ ಜಾಗ ಅಂತ ಹಳೇ ವ್ಯಾಖ್ಯಾನಕಾರರು ಹೇಳ್ತಾರೆ.

ಕಾರ್ಮೆಲ್_ಕಿಟಕಿ
ಓ ಹಾಗಾ. ಸಬಾಗೆ ಈ ಪ್ರಶ್ನೆ ಕೇಳಿದೆ ಈಗ, ಯಾಕೆ ಎರಡು ಸಲ ಅದೇ ಉತ್ತರ ಅಂತ. ನಕ್ಕರು. ಅವರ ರಬ್ಬಿಗಳು ಹಿಂದೆಯೇ ಬೈದಿದ್ದಾರಂತೆ. ಯೆರೆಮೀಯ ಅಪ್ಪನ ಮರ್ಯಾದೆಯನ್ನೂ ಮಗನ ಮರ್ಯಾದೆಯನ್ನೂ ನೋಡಿದ, ಎಲೀಯ ಅಪ್ಪನದ್ದು ಮಾತ್ರ ನೋಡಿ ಮಗನದ್ದು ಬಿಟ್ಟ, ಯೋನ ಮಗನದ್ದು ನೋಡಿ ಅಪ್ಪನದ್ದು ಬಿಟ್ಟ. ಅಪ್ಪ ಅಂದ್ರೆ ದೇವರು, ಮಗ ಅಂದ್ರೆ ಇಸ್ರೇಲ್ ಜನ. ಮತ್ತೆ ಹೇಳಿದ್ರು, ನನ್ನ ಜನ ಒಡಂಬಡಿಕೆ ಬಿಟ್ಟಿದ್ದಾರೆ ಅಂತ ಚಾಡಿ ಹೇಳಿದ್ದಕ್ಕೆ ಇವತ್ತಿಗೂ ಎಲ್ಲಿ ಗಂಡು ಮಗುವಿಗೆ ಆ ಒಡಂಬಡಿಕೆಯ ಗುರುತಾದ ಸುನ್ನತಿ ಮಾಡಿದ್ರೂ ಅವನು ಬಂದು ಕೂತು ನೋಡ್ಬೇಕು, ಅವನಿಗೆ ಅಂತ ಒಂದು ಕುರ್ಚಿ ಖಾಲಿ ಇಡ್ತಾರೆ. ಹೌದಾ ಅಂತ ನೋಡಿಕೋ, ಬಿಟ್ಟಿಲ್ಲ ಅವರು ಅಂತ.

ಜವಾರಿ_ಜ್ವಾಳ
ಯಪ್ಪಾ ಎಂಥಾ ಶಿಕ್ಷಾ ರೀ ಇದು. ಚಾಡಿ ಹೇಳಿದಾಂವಗ ಕಾಯಂ ಸಾಕ್ಷಿ ಡ್ಯೂಟಿ.

ಶನಿವಾರದ_ಪಾಠ
ಅಕ್ಕಾ ಸಬಾ ಅವರಿಗೆ ನನ್ನ ನಮಸ್ಕಾರ ಹೇಳಿ. ಈಗ ನನಗೆ ಮೋಶೆನೂ ನೆನಪಾಗ್ತಿದಾನೆ. ಅದೇ ಬೆಟ್ಟ, ಬಂಗಾರದ ಕರು ಮಾಡಿ ಜನ ತಪ್ಪು ಮಾಡಿದಾಗ ಅವನು ಹೇಳಿದ್ದು ಇವರನ್ನ ಕ್ಷಮಿಸು, ಇಲ್ಲಾಂದ್ರೆ ನನ್ನ ಹೆಸರನ್ನೂ ನಿನ್ನ ಪುಸ್ತಕದಿಂದ ಅಳಿಸು ಅಂತ. ಎಲೀಯ ಅದೇ ಜಾಗಕ್ಕೆ 40 ದಿನ ನಡೆದು ಬಂದು ಕಂಪ್ಲೇಂಟ್ ಕೊಟ್ಟ.

ತೆನೆ_ತೇರು
ನಮ್ಮ ಕಥೋಲಿಕ ಬೈಬಲಲ್ಲಿ ಯೆಹೋವ ಅಂತ ಇಲ್ಲ, ಸರ್ವೇಶ್ವರ ಅಂತ ಇರೋದು, ಅದನ್ನೂ ಒಂದು ಸಲ ನೋಡಿ, ಓದ್ಲಿಕ್ಕೆ ಬೇರೇನೇ ಫೀಲ್ ಬರುತ್ತೆ. ಇನ್ನೊಂದು ತಮಾಷೆ, ಕಾರ್ಮೆಲ್ ಸಭೆಯ ಸನ್ಯಾಸಿಗಳು ಎಲೀಯನನ್ನೇ ಮೂಲ ಪುರುಷ ಅಂತ ಭಾವಿಸ್ತಾರಲ್ಲ, ಅವರ ಲಾಂಛನದ ಮೇಲಿರೋ ಲ್ಯಾಟಿನ್ ವಾಕ್ಯ ಇದೇ ಉತ್ತರದ ಮೊದಲ ಸಾಲು, ಸೇನಾಧೀಶ್ವರ ದೇವರಿಗಾಗಿ ನಾನು ಬಹಳ ಕುದ್ದಿದ್ದೇನೆ ಅಂತ. ಗುಮಾಸ್ತರ ಲೆಕ್ಕದಲ್ಲಿ ಮೆಮೋಗೆ ಕೊಟ್ಟ ವಿವರಣೆಯನ್ನೇ ಬೋರ್ಡ್ ಮೇಲೆ ಬರೆಸಿದ ಹಾಗಾಯ್ತು :)

ನಡುಬೀದಿ_ನಾಗ
ಅಲ್ಲಾ ಗುರು ನನಗೊಂದು ಡೌಟು, ಇದೇ ಹೀಬ್ರೂ ಬೈಬಲ್ಲಲ್ಲಿ ಸಮುವೇಲನಿಗೆ ರಾತ್ರಿ ಹೆಸರು ಹಿಡಿದು ಕರೀತಾರಲ್ಲ, ನಮ್ಮೂರಾಗಿದ್ರೆ ಆ ಹುಡುಗ ಓಗೊಡ್ತಾನೇ ಇರಲಿಲ್ಲ. ರಾತ್ರಿ ಹೆಸರು ಹಿಡಿದು ಕರೆದ್ರೆ ಮೂರು ಸಲ ಆಗೋವರೆಗೂ ಬಾಯಿ ಬಿಡಬೇಡ ಅಂತ ನಮ್ಮಜ್ಜಿ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬೇರೆ ಬರೆದಿರ್ತಿದ್ವಿ.

ಎಲೆಮರೆ_ಮೇಷ್ಟ್ರು
ಹಹ್ಹಾ! ಲೆಕ್ಕ ಸರಿಯಾಗಿದೆ ನೋಡು ನಾಗ, ಅಲ್ಲೂ ಮೂರು ಸಲ ವ್ಯರ್ಥ ಆಗಿ ನಾಲ್ಕನೇ ಸಲಕ್ಕೆ ಕೆಲಸ ಆಗಿದ್ದು. ಶೀಲೋದ ದೇವಾಲಯ, ದೀಪ ಇನ್ನೂ ಆರಿಲ್ಲ, ಹುಡುಗ ಮಲಗಿದಾನೆ. ಕರೆದಾಗಲೆಲ್ಲ ಎದ್ದು ಓಡಿ ಅಲ್ಲಿನ ಮುದುಕ ಯಾಜಕ ಏಲಿ ಹತ್ರ ಹೋಗಿ ಕರೆದ್ರಲ್ಲಾ, ಬಂದೆ ಅಂತಾನೆ. ಅಂದ್ರೆ ಆ ದನಿ ಮುದುಕ ಮೇಷ್ಟ್ರ ದನಿ ಥರಾನೇ ಇತ್ತು ಅಂತಾಯ್ತಲ್ಲ? ಗುಡುಗಿನ ಥರ ಇದ್ದಿದ್ರೆ ಏಲಿ ಹತ್ರ ಯಾಕೆ ಓಡ್ತಿದ್ದ. ನನಗೆ ಆ ಅಧ್ಯಾಯದಲ್ಲಿ ಇಷ್ಟ ಆಗೋದು ಒಂದು ಸಣ್ಣ ವಿಷಯ. ಏಲಿ ಹೇಳಿಕೊಟ್ಟಿದ್ದು 'ಯೆಹೋವನೇ, ಹೇಳು, ನಿನ್ನ ದಾಸ ಕೇಳ್ತಿದಾನೆ' ಅಂತ. ಹುಡುಗ ಹೇಳೋದು ಬರೀ 'ಹೇಳು, ನಿನ್ನ ದಾಸ ಕೇಳ್ತಿದಾನೆ'. ಹೆಸರು ನುಂಗಿಬಿಟ್ಟ. ಭಯ ಇರಬೇಕು, ಅಥವಾ ಯಾರು ಅಂತ ಇನ್ನೂ ಖಾತ್ರಿ ಇಲ್ಲ. ಕೇಳಿಸಿದ ಸುದ್ದಿ ಏನು? ಏಲಿಯ ಮನೆತನ ಮುಗೀತು ಅಂತ. ಬೆಳಗ್ಗೆ ಎದ್ದು ಬಾಗಿಲು ತೆಗೆದು ಅದನ್ನ ಅದೇ ಮುದುಕನಿಗೆ ಹೇಳಬೇಕು ಪಾಪ.

ಕರಾವಳಿ_ಬೊಂಡ
ಇದು ನೋಡಿ, ಮೆತ್ತಗಿನ ದನಿಯಲ್ಲಿ ಬರುದೆಲ್ಲಾ ಕೆಟ್ಟ ಸುದ್ದಿಯೇ.

ಅಕ್ಷರ_ಹುಳ
ಎಲ್ಲರಿಗೂ ಕರೆದ ತಕ್ಷಣ ದನಿ ಬಂದುಬಿಡುತ್ತೆ ಅಂತನೂ ಇಲ್ಲ. ಯೆರೆಮೀಯ 42 ಓದಿ. ಬಾಬೆಲಿನವರು (ಬ್ಯಾಬಿಲೋನ್) ನೇಮಿಸಿದ್ದ ಯೆಹೂದದ ಅಧಿಕಾರಿ ಗೆದಲ್ಯನ ಕೊಲೆ ಆದ್ಮೇಲೆ ಉಳಿದ ಜನ ಬಂದು ಐಗುಪ್ತಕ್ಕೆ (ಈಜಿಪ್ಟ್) ಹೋಗೋಣ್ವಾ ಇಲ್ಲೇ ಇರೋಣ್ವಾ ದೇವರನ್ನ ಕೇಳಿ ಹೇಳು ಅಂತಾರೆ. ಉತ್ತರ ಬಂದಿದ್ದು 10 ದಿನ ಆದ್ಮೇಲೆ! ಆ ಹತ್ತು ದಿನ ಎಲ್ಲರೂ ಗಡಿಬಿಡೀಲಿ, ಬಾಬೆಲಿನವರು ಬಂದು ಬಡೀತಾರೆ ಅನ್ನೋ ಭಯ, ಇವನು ಸುಮ್ಮನೆ ಕೂತಿದಾನೆ. ಉತ್ತರ ಬಂದ್ಮೇಲೆ ಹೋಗಬೇಡಿ ಅಂತ ಹೇಳಿದ್ರೆ ನೀನು ಸುಳ್ಳು ಹೇಳ್ತೀಯ ಅಂದು ಅವನನ್ನೂ ಎಳ್ಕೊಂಡೇ ಐಗುಪ್ತಕ್ಕೆ ಹೋದ್ರು.

ಜೇಬಿನ_ಇಲಿಯಾಸ್
ನನ್ನ ಹೆಸರೇ ಇಲಿಯಾಸ್, ಅಂದ್ರೆ ನಮ್ಮಲ್ಲಿ ಎಲೀಯನ ಹೆಸರು, ಆಗಿರೋದ್ರಿಂದ ಬಾಯಿ ಹಾಕ್ತೀನಿ. ಕುರಾನಿನ 37ನೇ ಸೂರಾದಲ್ಲೂ ಬರ್ತಾರೆ, ಅಲ್ಲೂ ಬಾಳ್ ಜಗಳ ಇದೆ, ಬಾಳ್‌ನ ಕರೀತೀರಾ, ಸೃಷ್ಟಿ ಮಾಡಿದವನನ್ನ ಬಿಟ್ಟುಬಿಡ್ತೀರಾ ಅಂತ ಜನರನ್ನ ಕೇಳ್ತಾರೆ. ಓಡಿಹೋದ ಕಥೆ ಮಾತ್ರ ಅಲ್ಲಿಲ್ಲ. ನಮ್ಮಪ್ಪ ಹೆಸರಿಡೋವಾಗ ಪೂರ್ತಿ ಓದಿರಲಿಲ್ಲ ಅನ್ಸುತ್ತೆ ಈಗ.

ಶನಿವಾರದ_ಪಾಠ
ಸರಿ ಈಗ ನಾನು ಏನು ಅಂದ್ಕೊಂಡೆ ಅಂದ್ರೆ, ತಪ್ಪಿದ್ರೆ ಹೇಳಿ. 12ನೇ ವಚನದ ಆ ಸದ್ದಲ್ಲಿ ಮಾತೇ ಇಲ್ಲ. ದೇವರು ಅದರೊಳಗಿದ್ದ ಅಂತನೂ ಬರೆದಿಲ್ಲ, ಇರಲಿಲ್ಲ ಅಂತನೂ ಬರೆದಿಲ್ಲ, ಮೂರು ಸಲ 'ಇರಲಿಲ್ಲ' ಬರೆದು ನಾಲ್ಕನೇದಕ್ಕೆ ಪೆನ್ನು ಎತ್ತಿಬಿಟ್ಟಿದಾರೆ. ಮಾತು ಬರೋದು 13ರಲ್ಲಿ, ಎಲೀಯ ಮುಖ ಮುಚ್ಕೊಂಡು ಹೊರಗೆ ಬಂದು ನಿಂತ್ಮೇಲೆ, ಬೇರೆ ಇನ್ನೊಂದು ಕೋಲ್. ಹಂಗಾದ್ರೆ ಮೌನ ಅವನಿಗೆ ಕೊಟ್ಟ ಸಮಯ. ಉತ್ತರ ಬದಲಾಯಿಸ್ಕೋ ಅಂತ. ಅವನು ಬದಲಾಯಿಸ್ಲಿಲ್ಲ.

ತರ್ಕ_ತಮ್ಮಯ್ಯ
ಚೆನ್ನಾಗಿದೆ, ಆದ್ರೆ ಒಂದು ತಣ್ಣೀರು. ಆ ಪ್ರಶ್ನೆ ಉತ್ತರ ಎರಡು ಸಲ ಬರೋದು ನಕಲು ಮಾಡೋರ ಅಥವಾ ಸಂಪಾದಕರ ಕೈವಾಡ, ಮೂಲದಲ್ಲಿ ಒಂದೇ ಸಲ ಇತ್ತು ಅನ್ನೋ ವಿದ್ವಾಂಸರೂ ಇದಾರೆ. ನೀವು ಕಟ್ಟಿದ ಮನೆ ಯಾರದೋ ಕೈತಪ್ಪಿನ ಮೇಲೆ ನಿಂತಿರಬಹುದು.

ಫೈಲು_ಗುಮಾಸ್ತ
ತಪ್ಪೇ ಆಗಿದ್ರೂ ಫೈಲಿಗೆ ಸೇರಿದ್ಮೇಲೆ ಅದೇ ರೆಕಾರ್ಡು.

ಅಕ್ಷರ_ಹುಳ
ತಮ್ಮಯ್ಯ ಅವರೇ, ಅಷ್ಟು ಉದ್ದದ ಉತ್ತರವನ್ನ ಹಾಗೇ ಎರಡು ಸಲ ಉಳಿಸಿಕೊಂಡು ಬಂದೋರಿಗೆ ಅದು ಕಣ್ಣಿಗೆ ಬೀಳಲಿಲ್ಲ ಅಂತೀರಾ? ಅಕ್ಷರ ಎಣಿಸಿ ನಕಲು ಮಾಡ್ತಿದ್ದ ಜನ ಅವರು.

ತರ್ಕ_ತಮ್ಮಯ್ಯ
ಎಣಿಸೋದು ಬಂದಿದ್ದು ಬಹಳ ಆಮೇಲೆ, ಅದಕ್ಕೂ ಇದಕ್ಕೂ ಶತಮಾನಗಳ ಅಂತರ. ಇರ್ಲಿ, ಪಾಠಕ್ಕೆ ತಡ ಆಗುತ್ತೆ.

ಶನಿವಾರದ_ಪಾಠ
ಪಾಠ ಮುಗೀತು! 19 ಹುಡುಗ್ರು ಬಂದಿದ್ರು. ಪ್ರಸಂಗ ಮಾಡದೇ ಎರಡು ಉತ್ತರಾನೂ ಇಬ್ಬರ ಕೈಲಿ ಜೋರಾಗಿ ಓದಿಸಿದೆ, ಒಬ್ಬ ಮೊದಲನೇದು, ಒಬ್ಬಳು ಎರಡನೇದು. ಹುಡುಗ ಸಿಟ್ಟಲ್ಲಿ ಓದಿದ. ಅವಳು ಅದೇ ಸಾಲುಗಳನ್ನ ಎಷ್ಟು ಸಣ್ಣಗೆ ಓದಿದ್ಲು ಅಂದ್ರೆ ಹಿಂದಿನವರು ಕೇಳಿಸ್ತಿಲ್ಲ ಅಂತ ಕೂಗಿದ್ರು. ಯಾಕಮ್ಮ ಹಂಗೆ ಓದಿದ್ದು ಅಂದೆ, ಎರಡನೇ ಸಲ ಹೇಳುವಾಗ ಅವನಿಗೇ ನಾಚಿಕೆ ಆಗಿರುತ್ತೆ ಅಲ್ವಾ ಸರ್ ಅಂದ್ಲು. ನನಗಿದು ಹೊಳೆದಿರ್ಲಿಲ್ಲ. ಪದ ಅದೇ, ದನಿ ಅದೇ ಅಂತ ಎಲ್ಲೂ ಬರೆದಿಲ್ಲ ಅಲ್ವಾ.

ಕರಾವಳಿ_ಬೊಂಡ
ಅವಳಿಗೆ ಮುಂದಿನ ತಿಂಗಳು ಪಾಠ ವಹಿಸಿ ನೀವು ಹೊರಡಿ, ಎಲೀಷ ಸಿಕ್ಕಿಯಾಯ್ತು.

ಜವಾರಿ_ಜ್ವಾಳ
ಗಿರಣಿ ಕಥಿ ಹೇಳಿದ್ರಿಲ್ಲೋ?

ಶನಿವಾರದ_ಪಾಠ
ಹೇಳಿದೆ ಅಣ್ಣ. ಗಿರಣಿ ಪಟ್ಟಿ ಅಂದ್ರೇನು ಅಂತ ಮೂರು ಜನ ಕೇಳಿದ್ರು, ಫ್ರಿಜ್ ಅಂತ ಬದಲಾಯಿಸ್ಬೇಕಾಯ್ತು.

ನಡುಬೀದಿ_ನಾಗ
ಇನ್ನೊಂದು, 17ನೇ ಅಧ್ಯಾಯದಲ್ಲಿ ಎಲೀಯನಿಗೆ ಕಾಗೆಗಳು ರೊಟ್ಟಿ ಮಾಂಸ ತಂದು ಕೊಟ್ವು ಅಂತ ಇದೆಯಲ್ಲ, ಹೀಬ್ರೂದಲ್ಲಿ ಕಾಗೆಗೂ ಅರಬ್ಬರಿಗೂ ಒಂದೇ ಅಕ್ಷರಗಳು, ತಂದು ಕೊಟ್ಟಿದ್ದು ಕಾಗೆ ಅಲ್ಲ ಜನ ಅಂತ ಯಾರೋ ಹೇಳಿದ್ರು. ನಿಜಾನಾ?

ಅಕ್ಷರ_ಹುಳ
ಅಯ್ಯೋ ನಾಗ, ಅದಕ್ಕೆ ಬೇರೆ ಥ್ರೆಡ್ ಶುರು ಮಾಡಪ್ಪಾ.

ನಡುಬೀದಿ_ನಾಗ
ಮಾಡಿದೀನಿ, ಬನ್ನಿ.